ವಿಷಕಪ್ಪೆಯನ್ನು ಕಾಯುವುದು ಯಾವುದು? – ಒಂದು ವಿವರಣೆಯ ವಿಮರ್ಶೆ

ದಂತವೈದ್ಯರು ವಸಡಿಗೆ ಲಿಡೊಕೇನ್ ಚುಚ್ಚಿದಾಗ ನೋವು ಏಕೆ ತಿಳಿಯುವುದಿಲ್ಲ? ನರತಂತುವಿನ ಪೊರೆಯಲ್ಲಿ ಸೋಡಿಯಮ್ ಅಯಾನುಗಳನ್ನು ಒಳಬಿಡುವ ಪ್ರೋಟೀನು ದ್ವಾರಗಳಿವೆ. ಇವೇ ಸೋಡಿಯಮ್ ಚಾನೆಲ್‌ಗಳು. ಅರಿವಳಿಕೆಯ ಅಣು ಇವುಗಳ ಒಳಗುಳಿಯಲ್ಲಿ ಕುಳಿತು ಅಯಾನುಗಳನ್ನು ತಡೆಯುತ್ತದೆ; ನರಾವೇಗ ಮುಂದೆ ಸಾಗದು. ಕೊಲಂಬಿಯಾದ ವಿಷಕಪ್ಪೆ ಫಿಲ್ಲೊಬೇಟಿಸ್ ಟೆರಿಬಿಲಿಸ್‌ನ ಚರ್ಮದಲ್ಲಿರುವ ಬಟ್ರಾಕೊಟಾಕ್ಸಿನ್ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ. ಅದು ದ್ವಾರವನ್ನು ಮುಚ್ಚಲು ಬಿಡದೆ ತೆರೆದೇ ಇರಿಸುತ್ತದೆ. ಹಾಗಿದ್ದರೆ ಕಪ್ಪೆ ಬದುಕಿರುವುದು ಹೇಗೆ?

2017ರಲ್ಲಿ ಷೋ-ಯಾ ವಾಂಗ್ ಮತ್ತು ಗಿಂಗ್ ಕುವೊ ವಾಂಗ್ ಒಂದು ಸರಳ ಉತ್ತರವನ್ನು ಮುಂದಿಟ್ಟರು. ಈ ಕಪ್ಪೆಯಲ್ಲಿ ವರದಿಯಾಗಿದ್ದ ಐದು ಬದಲಾವಣೆಗಳನ್ನು ಅವರು ಇಲಿಯ ಸ್ನಾಯುವಿನ ಚಾನೆಲ್‌ನಲ್ಲಿ ಮಾಡಿ ನೋಡಿದರು. 1584ನೆಯ ಸ್ಥಾನದಲ್ಲಿ ಆಸ್ಪರಜೀನ್ ಬದಲು ಥ್ರಿಯೊನೀನ್ ಬಂದರೆ ಸಾಕು, ವಿಷ ನಾಟಲಿಲ್ಲ. ಇದು ನಂಬಲರ್ಹವಾಗಿಯೂ ಇತ್ತು. ಇದೇ ಸುರುಳಿಯಲ್ಲಿರುವ ಒಂದು ಫೀನೈಲ್‌ಅಲನೀನ್ ಬದಲಾದರೆ ಅರಿವಳಿಕೆಯ ತಡೆ ಬಹಳ ದುರ್ಬಲವಾಗುತ್ತದೆಂದು ವಿಲಿಯಂ ಕ್ಯಾಟೆರಾಲ್ ತಂಡ 1994ರಲ್ಲೇ ಇಲಿಯ ಮಿದುಳಿನ ಚಾನೆಲ್‌ನಲ್ಲಿ ತೋರಿಸಿತ್ತು.

ಪ್ರಯೋಗದಲ್ಲಿ ದೋಷವಿಲ್ಲ. ದೋಷವಿರುವುದು ಅದರಿಂದ ತೆಗೆದ ತೀರ್ಮಾನದಲ್ಲಿ. 'ಇಲಿಯ ಚಾನೆಲ್‌ನಲ್ಲಿ ಹೀಗಾಗುತ್ತದೆ' ಎಂಬುದು ಒಂದು ಮಾತು. 'ಕಪ್ಪೆ ಬದುಕುವುದು ಇದರಿಂದಲೇ' ಎಂಬುದು ಇನ್ನೊಂದು. ಎರಡರ ನಡುವೆ ಮೂರು ಪ್ರಶ್ನೆಗಳಿವೆ. ಆ ಉತ್ಪರಿವರ್ತನೆ ಕಪ್ಪೆಯಲ್ಲಿ ನಿಜವಾಗಿ ಇದೆಯೆ? ಕಪ್ಪೆಯ ಸ್ವಂತ ಚಾನೆಲ್‌ನಲ್ಲೂ ಅದು ವಿಷವನ್ನು ತಡೆಯುತ್ತದೆಯೆ? ಬದಲಾದ ಚಾನೆಲ್ ತನ್ನ ನಿತ್ಯದ ಕೆಲಸವನ್ನು ಸರಿಯಾಗಿ ಮಾಡಬಲ್ಲದೆ?

2021ರಲ್ಲಿ ಡೇನಿಯಲ್ ಮೈನರ್ ಅವರ ತಂಡ ಇವನ್ನು ಪರೀಕ್ಷಿಸಿತು. ಮೂರಕ್ಕೂ ಉತ್ತರ 'ಇಲ್ಲ' ಎಂದೇ ಬಂತು. ತಂಡ ಪರೀಕ್ಷಿಸಿದ ಕಪ್ಪೆಗಳ ಚಾನೆಲ್‌ಗಳಲ್ಲಿ ಆ ಬದಲಾವಣೆಯೇ ಇರಲಿಲ್ಲ. ಅದನ್ನು ಸೇರಿಸಿದರೂ ವಿಷ ನಾಟಿತು, ಚಾನೆಲ್‌ನ ಕೆಲಸವೂ ಕುಂದಿತು. ಕಪ್ಪೆಯ ಚಾನೆಲ್‌ಗೆ ವಿಷ ತಾಗುತ್ತದೆ, ಆದರೆ ಇಡೀ ಕಪ್ಪೆಗೆ ತಾಗುವುದಿಲ್ಲ!

ಹಾಗೆಂದು ಈ ಎರಡನೆಯ ಪ್ರಬಂಧವನ್ನೂ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ವಿಷವನ್ನು ಸ್ಪಂಜಿನಂತೆ ಹೀರಿಕೊಳ್ಳುವ ಪ್ರೋಟೀನು ಕಪ್ಪೆಯನ್ನು ಕಾಯುತ್ತಿರಬಹುದು ಎಂದು ಅದು ಸೂಚಿಸಿತು. ಸ್ಯಾಕ್ಸಿಫಿಲಿನ್ ಎಂಬ ಪ್ರೋಟೀನು ಚಾನೆಲನ್ನು ಕಾಯುವುದನ್ನು ತೋರಿಸಿತು ಕೂಡ. ಆದರೆ ಅದು ಸ್ಯಾಕ್ಸಿಟಾಕ್ಸಿನ್ ಎಂಬ ಬೇರೊಂದು ವಿಷದಿಂದ. ಬಟ್ರಾಕೊಟಾಕ್ಸಿನ್ ಕುರಿತು ಅಲ್ಲಿದ್ದುದು ಸೂಚನೆ ಮಾತ್ರ, ಪುರಾವೆಯಲ್ಲ. ವಿಷನಿರೋಧಕ್ಕೆ ಚಾನೆಲ್ ಉತ್ಪರಿವರ್ತನೆಯೇ ಮುಖ್ಯ ಕಾರಣವೆಂಬ ಭಾವನೆಯನ್ನೇ ಪ್ರಶ್ನಿಸಿದ್ದೂ ಸ್ವಲ್ಪ ಅತಿಯಾಯಿತು. ಅಮೆರಿಕದ ಗಾರ್ಟರ್ ಹಾವುಗಳು ವಿಷಯುಕ್ತ ನ್ಯೂಟ್‌ಗಳನ್ನು ತಿಂದು ಅರಗಿಸಿಕೊಳ್ಳುತ್ತವೆ. ಟೆಟ್ರೊಡೊಟಾಕ್ಸಿನ್ ಚುಚ್ಚಿದ ಬಳಿಕ ಹಾವು ಹರಿಯುವ ವೇಗ, ಅದರ ಸ್ನಾಯುವಿನ ಪ್ರತಿಕ್ರಿಯೆ, ಅದರ ಚಾನೆಲ್‌ನ ರಚನೆ – 2002 ಮತ್ತು 2005ರ ಅಧ್ಯಯನಗಳಲ್ಲಿ ಈ ಮೂರೂ ಒಂದೇ ಕಡೆ ಬೆರಳು ತೋರಿದವು. ಅಲ್ಲಿ ಉತ್ಪರಿವರ್ತನೆಯ ವಿವರಣೆ ಗಟ್ಟಿಯಾಗಿ ನಿಂತಿದೆ.

ಮುಂದೆ 'ಒಂದು ಅಮೈನೊ ಆಮ್ಲ ಬದಲಾಯಿತು, ಪ್ರಾಣಿ ವಿಷವನ್ನು ಗೆದ್ದಿತು' ಎಂಬ ವಾಕ್ಯವನ್ನು ಓದಿದರೆ ತರಗತಿಯಲ್ಲಿ ಹೀಗೆ ಕೇಳಿ: ಯಾರ ಚಾನೆಲ್‌ನಲ್ಲಿ ಪರೀಕ್ಷಿಸಿದರು? ಪ್ರಾಣಿಯಲ್ಲಿ ಪರೀಕ್ಷಿಸಿದರೆ? ವಿದ್ಯಾರ್ಥಿಗಳಿಗೆ ಉತ್ತರಕ್ಕಿಂತ ಈ ಪ್ರಶ್ನೆಗಳು ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತವೆ.