ಪುಕ್ಕಟೆ ಮಾಳಿಗೆ

ಮಹಿಳಾ ಸಮಾಜದ ಬೀರುವನ್ನು ಯಾರ ಮನೆಯಲ್ಲಿಡಬೇಕು ಎಂಬ ಚರ್ಚೆಯಲ್ಲಿ ಕುಳಿತವರಿಗೆ ಗ್ನೋಮ್ ಬಳಗದ ತಾಪತ್ರಯ ಬೇಗ ಅರ್ಥವಾದೀತು. ಗ್ನೋಮ್ ಎಂದರೆ ಲಿನಕ್ಸ್ ಕಂಪ್ಯೂಟರಿನ ತೆರೆಯ ಮೇಲೆ ನಾವು ಕಾಣುವ ಕಿಟಕಿ, ಗುಂಡಿ, ಪಟ್ಟಿಗಳ ತಂತ್ರಾಂಶ. ಕನ್ನಡದಲ್ಲೂ ಉಂಟು. 1997ರಿಂದ ದೇಶದೇಶದ ಜನ, ಎಷ್ಟೋ ಮಂದಿ ಸಂಬಳವಿಲ್ಲದೆ, ಕೂಡಿ ಬರೆಯುತ್ತಿರುವುದು. ಅದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಅದನ್ನಿಡಲು ಒಂದು ಜಾಗ ಬೇಕಲ್ಲ?

2017ರಲ್ಲಿ ಈ ಪ್ರಶ್ನೆ ಎದ್ದಾಗ ಗಿಟ್‌ಹಬ್ ಎಂಬ ಪುಕ್ಕಟೆ ಮಾಳಿಗೆ ಕಣ್ಣೆದುರಿಗಿತ್ತು. ಹೊಸಬರೆಲ್ಲ ಅಲ್ಲೇ. ಆದರೆ ಗಿಟ್‌ಹಬ್‌ನ ಸ್ವಂತ ಕೋಡ್ ಮಾತ್ರ ಬೀಗದೊಳಗೆ. ಗ್ನೋಮ್‌ನವರು ಒಲ್ಲೆವೆಂದರು, ಗಿಟ್‌ಲ್ಯಾಬ್‌ನ ಮುಕ್ತ ಆವೃತ್ತಿಯನ್ನು ತಮ್ಮದೇ ಸರ್ವರ್‌ನಲ್ಲಿ ಹೂಡಿಕೊಂಡರು. ಅದೂ ಸುಮ್ಮನಲ್ಲ. ಗಿಟ್‌ಲ್ಯಾಬ್‌ಗೆ ಕೋಡ್ ಕೊಡುವವರು ಆ ಕಂಪನಿಯ ಕರಾರಿಗೆ ಒಪ್ಪಬೇಕಿತ್ತು. ಗ್ನೋಮ್, ಡೆಬಿಯನ್ ಬಳಗಗಳು ಆಕ್ಷೇಪಿಸಿದ ಮೇಲೆ ಕಂಪನಿ ಅದನ್ನು ಕೈಬಿಟ್ಟಿತು. 2018ರ ಮೇ ತಿಂಗಳಲ್ಲಿ ಸ್ಥಳಾಂತರ ಮುಗಿಯಿತು. ಜೂನ್‌ನಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಗಿಟ್‌ಹಬ್ ಕೊಳ್ಳುವುದಾಗಿ ಸಾರಿತು!

‘ಎಲ್ಲಿಟ್ಟರೇನು, ಪ್ರತಿಯೊಬ್ಬರ ಬಳಿಯೂ ನಕಲು ಇರುತ್ತದಲ್ಲ’ ಎನ್ನುವವರುಂಟು. ಅರ್ಧ ನಿಜ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್‌ನಲ್ಲಿ ಕೋಡಿನ ಇತಿಹಾಸವೆಲ್ಲ ನಕಲಿನೊಡನೆ ಬರುತ್ತದೆ. ಆದರೆ ಯಾರು ಯಾವ ದೋಷ ತೋರಿಸಿದರು, ಯಾವ ತಿದ್ದುಪಡಿಯನ್ನು ಏಕೆ ನಿರಾಕರಿಸಿದರು, ಆ ಮಾತುಕತೆ ಮಾಳಿಗೆಯಲ್ಲೇ ಉಳಿಯುತ್ತದೆ. ಪಾತ್ರೆಪಡಗ ಸಿಕ್ಕಿ ನಡಾವಳಿ ಪುಸ್ತಕ ಸಿಗದಂತೆ. ಗೂಗಲ್ ಕೋಡ್ 2016ರಲ್ಲಿ ಬಾಗಿಲು ಹಾಕಿತು. 2019ರಲ್ಲಿ ಅಮೆರಿಕದ ನಿರ್ಬಂಧಗಳ ಕಾರಣ ಇರಾನ್, ಸಿರಿಯಾದವರಿಗೆ ಗಿಟ್‌ಹಬ್ ಕೆಲವು ಸೌಲಭ್ಯಗಳನ್ನು ನಿಲ್ಲಿಸಿತು. ಇರಾನಿನವರಿಗೆ ಮರಳಿ ಸಿಕ್ಕಿದ್ದು 2021ರಲ್ಲಿ. ಅವರು ಮಾಡಿದ ತಪ್ಪೇನು, ಹೇಳಿ?

ಹಾಗೆಂದು ‘ಸ್ವಂತ ಮನೆಯೇ ಸರಿ’ ಎಂದು ಗುಡುಗುವವರ ಬಗೆಗೂ ನನಗೆ ತಕರಾರಿದೆ. ಸ್ವಂತ ಸರ್ವರ್ ಎಂದರೆ ದಿನಾ ಗುಡಿಸುವ ಮನೆ. ನಕಲು ತೆಗೆದಿಡಬೇಕು, ಕಳ್ಳಗಿಂಡಿ ಮುಚ್ಚಬೇಕು, ಅಪರಾತ್ರಿಯಲ್ಲಿ ಕೆಟ್ಟರೆ ಏಳಬೇಕು. ಈ ದುಡಿಮೆ ತತ್ವ ಹೇಳುವವರ ಲೆಕ್ಕಕ್ಕೆ ಬರುವುದೇ ಇಲ್ಲ. ಸಮಾರಂಭದ ವರದಿಯಲ್ಲಿ ಅಡುಗೆಮನೆಯವರ ಹೆಸರು ಬಿಟ್ಟುಹೋಗುತ್ತದಲ್ಲ, ಹಾಗೆ. ಗ್ನೋಮ್‌ಗೆ ಒಂದು ಪ್ರತಿಷ್ಠಾನವಿದೆ, ದೇಣಿಗೆ ಬರುತ್ತದೆ, ಅವರಿಗೆ ಸಾಧ್ಯವಾಯಿತು. ಐದಾರು ಮಂದಿಯ ಬಳಗಕ್ಕೆ ಆ ಮಾದರಿ ಹೇಳುವುದು ಅನ್ಯಾಯ. ಅಂಥವರಿಗೆ ಬರ್ಲಿನ್ನಿನ ಕೋಡ್‌ಬರ್ಗ್‌ನಂಥ ಲಾಭರಹಿತ ಸಂಘವಿದೆ. ಅಲ್ಲಿ ಸದಸ್ಯರಾದವರಿಗೆ ಮತವೂ ಉಂಟು. ಅಲ್ಲಿಗೆ ಹೋದರೂ ನಡಾವಳಿಯದೊಂದು ನಕಲು ತಮ್ಮ ಮನೆಯಲ್ಲಿರಲಿ.