ಸಂಕ್ರಾಂತಿ ಇಲ್ಲದ ತಿಂಗಳು

ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ನನಗೆ ತೀರ ಅಚ್ಚುಮೆಚ್ಚಿನದು ಅಧಿಕಮಾಸದ ಲೆಕ್ಕ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಸಾಲದು. ಹಾಗೇ ಬಿಟ್ಟರೆ ಯುಗಾದಿ ಮೊದಲು ಚಳಿಗಾಲಕ್ಕೆ, ಆಮೇಲೆ ಮಳೆಗಾಲಕ್ಕೆ ಜಾರಿಬಿಡುತ್ತದೆ.

ಹಳಬರು ಕಂಡುಕೊಂಡ ನಿಯಮ ಎಷ್ಟು ಚೆಂದ! ಒಂದು ಅಮಾವಾಸ್ಯೆಯಿಂದ ಇನ್ನೊಂದರೊಳಗೆ ಸೂರ್ಯ ರಾಶಿ ದಾಟದಿದ್ದರೆ, ಅಂದರೆ ಸಂಕ್ರಾಂತಿ ಬರದಿದ್ದರೆ, ಆ ತಿಂಗಳು ಅಧಿಕ. ಅಷ್ಟೇ. 2023ರಲ್ಲಿ ಶ್ರಾವಣ ಎರಡಾದದ್ದು ಹೀಗೆಯೇ.

ಜುಲೈ ಹೊತ್ತಿಗೆ ಭೂಮಿ ಸೂರ್ಯನಿಂದ ದೂರವಿದ್ದು ನಿಧಾನವಾಗಿ ಸಾಗುತ್ತದೆ. ಅದಕ್ಕೇ ಸೂರ್ಯ ಮಿಥುನ ರಾಶಿಯಲ್ಲಿರುವ ಮಿಥುನಮಾಸ 31 ದಿನ ಮೀರುತ್ತದೆ, 29.53 ದಿನದ ಚಾಂದ್ರಮಾಸ ಅದರೊಳಗೆ ಇಡಿಯಾಗಿ ಹಿಡಿಸಿಬಿಡಬಹುದು. ಧನುರ್ಮಾಸ ಮಾತ್ರ ಚಿಕ್ಕದು. ಆ ಆಸುಪಾಸಿನಲ್ಲಿ ತೀರ ಅಪರೂಪಕ್ಕೆ ಒಂದೇ ಚಾಂದ್ರಮಾಸದೊಳಗೆ ಎರಡು ಸಂಕ್ರಾಂತಿ ಬಿದ್ದು ಒಂದು ತಿಂಗಳೇ ಲೋಪವಾಗುತ್ತದೆ. ಅದು ಕ್ಷಯಮಾಸ, 1982–83ರಲ್ಲಿ ಬಂದಿತ್ತು.

ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕಮಾಸ ಸೇರಿ 235 ಚಾಂದ್ರಮಾಸ. ಸೂರ್ಯನ ಹತ್ತೊಂಬತ್ತು ವರ್ಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೆಲವೇ ಗಂಟೆ. ಹುಣ್ಣಿಮೆಯನ್ನೂ ಋತುವನ್ನೂ ಒಟ್ಟಿಗೆ ಹಿಡಿದಿಟ್ಟ ಈ ಗಣಿತಕ್ಕೆ ನಾನು ಮನಸೋತಿದ್ದೇನೆ.