ಋಣಭಾರ ಯಾರದು?

ಕತೆ ಕವಿತೆಗಳನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ನಾವು ಸರ್ಕಾರದ ಗೆಜೆಟ್ಟನ್ನು ಮಾತ್ರ ಓದದೆ ಬಿಡುತ್ತೇವೆ. ಹಳ್ಳಿಗಳನ್ನೇ ಎತ್ತಂಗಡಿ ಮಾಡುವ ಬರಹ ಅದು. ಈ ಸಲ ಅದನ್ನೇ ಓದೋಣ.

1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 28ನೇ ಕಲಮು. ಮೊದಲು ನೋಟೀಸು, ಆಮೇಲೆ ಆಕ್ಷೇಪಣೆ, ಕೊನೆಗೆ ಘೋಷಣೆ. ಘೋಷಣೆ ಗೆಜೆಟ್ಟಿನಲ್ಲಿ ಅಚ್ಚಾಯಿತೋ, ಜಮೀನು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಸರ್ಕಾರದ್ದಾಯಿತು. ಅಲ್ಲಿಂದ ಮಂಡಳಿಗೆ, ಮಂಡಳಿಯಿಂದ ಕಂಪನಿಗೆ.

ಋಣಭಾರ ಅಂದರೇನು? ಅಡಮಾನ, ಭೋಗ್ಯ ಅಂತಾರೆ ವಕೀಲರು. ನಮಗೆ ಗೊತ್ತಿರುವ ಋಣವೇ ಬೇರೆ. ಋಣದ ಹೆಸರಲ್ಲೇ ನಮ್ಮ ಅಪ್ಪ ತಾತಂದಿರನ್ನು ಒಡೆಯರ ಕೊಟ್ಟಿಗೆಗೆ ಕಟ್ಟಿದ್ದರು. ಅದನ್ನು ಹರಿಯೋದಕ್ಕೆ 1976ರ ಜೀತ ನಿರ್ಮೂಲನ ಕಾಯ್ದೆ ಬರಬೇಕಾಯಿತು. ಬಂದ ಮೇಲೂ ಸುಲಭಕ್ಕೆ ಹರೀಲಿಲ್ಲ. ಕಂಪನಿಗೆ ಹೋಗುವ ನೆಲದ ಋಣ ಮಾತ್ರ ಒಂದೇ ವಾಕ್ಯಕ್ಕೆ ಹರಿದುಹೋಗುತ್ತದೆ!

ಆ ನೆಲದಲ್ಲಿ ಕಳೆ ಕಿತ್ತು ಬದುಕಿದವಳ ಋಣ? ನೋಟೀಸಿನಲ್ಲಿ ಸರ್ವೆ ನಂಬರು ಇದೆ, ಎಕರೆ ಗುಂಟೆ ಇದೆ, ಖಾತೆದಾರನ ಹೆಸರಿದೆ. ‘ಇದ್ರಾಗೆ ನನ್ ಹೆಸ್ರು ಎಲ್ಲೈತೆ?’ ಎಂದು ಕೂಲಿಯವಳು ಕೇಳಿದರೆ ಉತ್ತರವಿಲ್ಲ.

2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಒಪ್ಪಿಗೆಯ ಮಾತೆತ್ತಿತು. ಖಾಸಗಿ ಕಂಪನಿಗಾದರೆ ನೂರಕ್ಕೆ 80, ಸರ್ಕಾರ ಮತ್ತು ಖಾಸಗಿ ಪಾಲುದಾರಿಕೆಗಾದರೆ 70 ಕುಟುಂಬಗಳು ಒಪ್ಪಬೇಕು. ಭೂಮಿ ಇಲ್ಲದ ಕೂಲಿಯವರನ್ನೂ ಅದು ಬಾಧಿತ ಕುಟುಂಬ ಎಂದಿತು. ಆದರೆ ಒಪ್ಪಿಗೆಯ ಲೆಕ್ಕಕ್ಕೆ ಬರುವವರು ಜಮೀನು ಕಳಕೊಳ್ಳುವವರು ಮಾತ್ರ. ಊರಾಚೆ ಕೇರಿ ಇಟ್ಟ ಹಾಗೆ, ಎಣಿಕೆಯಾಚೆ ಕೂಲಿಯವರು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗೆ ಇದೇ 1966ರ ಕಾಯ್ದೆಯಡಿ ಕೈಹಾಕಿದ್ದರು. ಜನ 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಹೇಳಿದರು. ಇದು ದೊಡ್ಡ ಗೆಲುವು. ಸಣ್ಣದು ಮಾಡುವುದು ಬೇಡ. ಆದರೆ ಅದೇ ಉಸಿರಿನಲ್ಲಿ, ತಾವಾಗಿ ಕೊಡಲು ಬರುವ ರೈತರ ಜಮೀನು ತೆಗೆದುಕೊಳ್ಳುತ್ತೇವೆ ಎಂದೂ ಹೇಳಿದರು. ಖಾತೆದಾರ ಒಪ್ಪಬಹುದು, ಒಪ್ಪದೆಯೂ ಇರಬಹುದು. ಅವನ ಹೊಲದ ಕೂಲಿಯನ್ನು ಕೇಳುವವರು ಯಾರು?

ಈ ಪ್ರಶ್ನೆ ಸರ್ಕಾರಕ್ಕಷ್ಟೇ ಅಲ್ಲ, ನಮಗೂ. ‘ಭೂಮಿ ಕೊಡೋದಿಲ್ಲ’ ಎಂದು ಕೂಗುವಾಗ, ಕೊಡಲು ಭೂಮಿಯೇ ಇಲ್ಲದವರು ನಮ್ಮ ಪಕ್ಕದಲ್ಲೇ ನಿಂತು ಕೂಗುತ್ತಿರುತ್ತಾರೆ. ನಮ್ಮ ಬೇಡಿಕೆ ಪಟ್ಟಿಯಲ್ಲಿ ಅವರ ಹೆಸರು ಎಷ್ಟನೆಯದು?

ಮೇಷ್ಟ್ರೇ, ನಿಮ್ಮೂರಿಗೆ ಅಂಥ ನೋಟೀಸು ಬಂದ ದಿನ ಅದನ್ನು ಕೇರಿಯಲ್ಲಿ ನಿಂತು ಗಟ್ಟಿಯಾಗಿ ಓದಿ. ಯಾರ ಹೆಸರು ಬಿಟ್ಟಿದ್ದಾರೆ ಅನ್ನೋದನ್ನ ಕೇರಿಯೇ ಹೇಳುತ್ತೆ.